ನೀಲಿ ದಾರ ಕಟ್ಟಿದ ಸುರುಳಿ

ಗುರುಪುರ ಹೊಳೆಯ ದಂಡೆಯಲ್ಲಿ ಒಬ್ಬರು ಗುರುಗಳಿದ್ದರು. ಗಡ್ಡವಿರಲಿಲ್ಲ, ಕಾವಿಯಿರಲಿಲ್ಲ. ಮೊಣಕಾಲಿನವರೆಗಿನ ಖಾಕಿ ಚಡ್ಡಿ, ಕಿವಿಯ ಮೇಲೊಂದು ಪೆನ್ಸಿಲ್. ಹೆಸರು ಲಾದ್ರು ಮೇಸ್ತ್ರಿ.

ಅವರ ಆಶ್ರಮವೆಂದರೆ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಒಂದು ಕೋಣೆ. ಅಲ್ಲಿ ಕೂತು ಅವರು ಎಲೆಕ್ಟ್ರಿಕ್ ಗಿಟಾರುಗಳಿಗೆ ಪಿಕಪ್ ಸುತ್ತುತ್ತಿದ್ದರು.

ಪಿಕಪ್ ಎಂದರೆ ಗಿಟಾರಿನ ಕಿವಿ ಎಂದುಕೊಳ್ಳಿ. ತಂತಿಗಳ ಕೆಳಗೆ ಕೂತಿರುತ್ತದೆ. ಒಂದು ಅಯಸ್ಕಾಂತ, ಒಂದು ಬೊಬಿನ್, ಅದರ ಮೈಮೇಲೆ ತಲೆಕೂದಲಿಗಿಂತ ಸಪೂರದ ತಾಮ್ರವನ್ನು ಐದು ಸಾವಿರ ಸಲ ಸುತ್ತಿದ ಸುರುಳಿ. ಮೇಲೆ ಗಿಟಾರಿನ ತಂತಿ ನಡುಗಿದರೆ ಕೆಳಗೆ ಸುರುಳಿಗೆ ಗೊತ್ತಾಗುತ್ತದೆ.

ಒಂದೇ ಸುರುಳಿಯಾದರೆ ಒಂದು ತೊಂದರೆಯುಂಟು. ಅದು ಹಾಡನ್ನು ಕೇಳಿಸಿಕೊಳ್ಳುವಾಗಲೇ ಟ್ಯೂಬ್‌ಲೈಟನ್ನೂ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರನ್ನೂ ಕೇಳಿಸಿಕೊಳ್ಳುತ್ತದೆ. ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಅದಕ್ಕಾಗಿ ಪಕ್ಕದಲ್ಲಿ, ಅಯಸ್ಕಾಂತದ ಬೇರೆ ಧ್ರುವದ ಮೇಲೆ, ಇನ್ನೊಂದು ಸುರುಳಿಯನ್ನು ತಿರುವುಮುರುವಾಗಿ ಜೋಡಿಸಿ ಕೂರಿಸುತ್ತಾರೆ. ಒಂದು ಹಿಡಿದ ಗುಂಯ್ ಅನ್ನು ಇನ್ನೊಂದು ಅಳಿಸುತ್ತದೆ. ಹಾಡನ್ನು ಮಾತ್ರ ಎರಡೂ ಸೇರಿ ಹೇಳುತ್ತವೆ.

ಪೇಟೆಯಲ್ಲಿ ಇದಕ್ಕೆ ಹಂಬಕರ್ ಎನ್ನುತ್ತಾರೆ. ಮೇಸ್ತ್ರಿ ಜೋಡಿ ಎನ್ನುತ್ತಿದ್ದರು.

ಶಿಷ್ಯೆಯ ಹೆಸರು ಸುಗಂಧಿ. ಮೂಡಬಿದ್ರೆಯ ಅಂಗಡಿಯೊಂದರಲ್ಲಿ ಆರು ವರ್ಷ ಸೀಲಿಂಗ್ ಫ್ಯಾನಿಗೆ ಕಾಯಿಲ್ ಸುತ್ತಿದವಳು. ಯಾರದೋ ಮದುವೆಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ಕೇಳಿ, ಅದರ ಹೊಟ್ಟೆಯಲ್ಲೂ ಇರುವುದು ಸುತ್ತಿದ ತಾಮ್ರವೇ ಎಂದು ಗೊತ್ತಾಗಿ, ಮರುದಿನವೇ ಬಸ್ಸು ಹತ್ತಿ ಬಂದಿದ್ದಳು.

"ನಿನಗೆ ಸಂಗೀತ ಬರ್ತದಾ?" ಎಂದು ಮೇಸ್ತ್ರಿ ಕೇಳಿದರು.

"ಇಲ್ಲ."

"ತಾಳ್ಮೆ?"

"ಉಂಟು."

"ಎಷ್ಟುಂಟು?"

ಅವಳು ಯೋಚಿಸಿದಳು. "ಅಳೆದು ನೋಡ್ಲಿಲ್ಲ."

"ಒಳ್ಳೇದಾಯ್ತು. ಕೂತ್ಕೋ."

ಮೊದಲ ವಾರವೇ ಅವಳು ಜೋಡಿಯಲ್ಲಿ ಒಂದು ಸುರುಳಿಯ ತುದಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದಳು. ಗಿಟಾರ್ ಮೀಟಿದರೆ ಹಾಡು ಕ್ಷೀಣವಾಗಿ ಎಲ್ಲೋ ಬಾವಿಯೊಳಗಿಂದ ಬರುತ್ತಿತ್ತು. ಗುಂಯ್ ಮಾತ್ರ ಎರಡರಷ್ಟಾಗಿತ್ತು.

"ಇದೆಂತ ಹೀಗೆ?" ಎಂದಳು.

"ಇಬ್ಬರೂ ಸೇರಿ ಹಾಡನ್ನು ಬಿಟ್ಟುಕೊಟ್ಟರು, ಗಲಾಟೆಯನ್ನು ಇಟ್ಟುಕೊಂಡರು" ಎಂದರು ಮೇಸ್ತ್ರಿ. "ಮದುವೆಯಾದವರಲ್ಲೂ ಕೆಲವರು ಹೀಗೇ ಜೋಡಿಸಿಕೊಳ್ತಾರೆ. ಅವರದ್ದು ಬಿಚ್ಚಲಿಕ್ಕೆ ನಮಗೆ ಆಗುದಿಲ್ಲ. ಇದನ್ನು ಬಿಚ್ಚು."

ಹಾಗೆ ಎರಡು ವರ್ಷ ಕಳೆಯಿತು.

ಮೇಸ್ತ್ರಿಯ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಸುತ್ತಿ ಮುಗಿಸಿದ ಸುರುಳಿಯ ತುದಿಗಳು ಜಾರದ ಹಾಗೆ ಒಂದು ದಾರ ಬಿಗಿದು, ಆಮೇಲೆ ಕರಗಿಸಿದ ಮೇಣದಲ್ಲಿ ಅದ್ದುವುದು. ದಾರ ಕಟ್ಟುವುದೆಂದರೆ ಸಹಿ ಹಾಕಿದ ಹಾಗೆ. ಮೇಸ್ತ್ರಿಯದ್ದು ಬಿಳಿ ದಾರ. ಸುಗಂಧಿ ಸುತ್ತಿದ್ದಕ್ಕೂ ಅವರೇ ಬಿಳಿಯನ್ನು ಕಟ್ಟುತ್ತಿದ್ದರು.

"ನನಗೆ ದಾರ ಯಾವಾಗ ಮೇಸ್ತ್ರಿ?" ಎಂದು ಅವಳು ಒಮ್ಮೆ ಬಾಯಿಬಿಟ್ಟು ಕೇಳಿದ್ದಳು.

"ನೀನು ಸುತ್ತಿದ್ದು ನಿನ್ನದೇ ಅಂತ ನನಗೆ ಕಣ್ಣು ಮುಚ್ಚಿದ್ರೂ ಗೊತ್ತಾಗುವ ದಿನ."

ಅವಳು ಇನ್ನೂ ಚೆನ್ನಾಗಿ ಸುತ್ತಬೇಕು ಎಂದು ಅರ್ಥ ಮಾಡಿಕೊಂಡಳು. ಸುತ್ತಿದಳು ಕೂಡ. ಮೋಟಾರಿನ ಯಂತ್ರದಲ್ಲಿ, ಎಣಿಕೆಯ ಮೀಟರಿಟ್ಟು, ಪದರದ ಮೇಲೆ ಪದರ, ಒಂದು ಕೂದಲೆಳೆಯೂ ಆಚೀಚೆಯಾಗದ ಹಾಗೆ. ಅವಳು ಸುತ್ತಿದ ಹತ್ತು ಸುರುಳಿಗಳನ್ನು ಸಾಲಾಗಿ ಇಟ್ಟರೆ ಯಾವುದು ಯಾವುದೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಮೇಸ್ತ್ರಿ ನೋಡಿ "ಚೆಂದ ಉಂಟು" ಎನ್ನುತ್ತಿದ್ದರು. ಬಿಳಿ ದಾರ ಕಟ್ಟುತ್ತಿದ್ದರು.

ಒಂದು ದಿನ ಬೆಳಿಗ್ಗೆ ರಿಕ್ಷಾದವನೊಬ್ಬ ಹಳೆಯ ಗಿಟಾರ್ ತಂದಿಳಿಸಿದ. ಹೊಳೆಯಾಚೆ ಇರುವ ಬಾಸ್ತಿ ಪೊರ್ಬು ಕಳಿಸಿದ್ದು. ದನಿ ಸೋತುಹೋಗಿದೆ, ಶನಿವಾರ ಬಂದು ಒಯ್ಯುತ್ತೇನೆ ಎಂದು ಹೇಳಿಕಳಿಸಿದ್ದರು.

ಮೇಸ್ತ್ರಿಗೆ ಅಂದೇ ಕಣ್ಣಿನ ಪೊರೆಯ ಆಪರೇಶನ್. ಮೂರು ದಿನ ಮಂಗಳೂರಿನಲ್ಲಿ ತಂಗಿಯ ಮನೆಯಲ್ಲಿರಬೇಕಿತ್ತು. ಚೀಲ ಹೆಗಲಿಗೇರಿಸಿಕೊಂಡೇ ಅವರು ಪಿಕಪ್ ಬಿಚ್ಚಿದರು, ತಂತಿಯ ತಡೆ ಅಳೆಯುವ ಮೀಟರ್ ಮುಟ್ಟಿಸಿದರು. ಎರಡರಲ್ಲಿ ಒಂದು ಸುರುಳಿಗೆ ಉಪ್ಪುಗಾಳಿ ತಾಗಿ ಒಳಗೆಲ್ಲ ಹಸಿರು ಹಿಡಿದು ತಂತಿ ತುಂಡಾಗಿತ್ತು.

"ಸತ್ತದ್ದನ್ನು ಸುತ್ತು" ಎಂದರು. "ಬದುಕಿದ್ದರ ಪಕ್ಕ ಕೂರಿಸು."

ಇನ್ನೂ ಏನೋ ಹೇಳುವವರಿದ್ದರು. ಹೆಬ್ಬೆರಳು ಬದುಕಿದ್ದ ಸುರುಳಿಯ ಮೇಲೆಯೇ ಇತ್ತು. ಹೊರಗೆ ರಿಕ್ಷಾದವನು ಹಾರ್ನ್ ಹಾಕಿದ. ಮೇಸ್ತ್ರಿ ಹೊರಟರು.

ಸತ್ತ ಸುರುಳಿಗೆ ಬಿಳಿ ದಾರವಿತ್ತು. ಅಂದರೆ ಮೇಸ್ತ್ರಿಯ ಹಳೇ ಕೆಲಸ. ಬದುಕಿದ್ದರ ದಾರ ನೀಲಿ.

ನೀಲಿ ದಾರವನ್ನು ಸುಗಂಧಿ ಆ ಅಂಗಡಿಯಲ್ಲಿ ಎಂದೂ ನೋಡಿರಲಿಲ್ಲ. ಸುರುಳಿ ನೋಡಿದರೆ ನಡುವಿನಲ್ಲಿ ಒಂದು ಕಡೆ ಉಬ್ಬಿತ್ತು, ಒಂದಂಚಿನಲ್ಲಿ ತೆಳ್ಳಗಾಗಿತ್ತು. ಯಾವನೋ ಹೊರಗಿನವನು ನಡುವೆ ರಿಪೇರಿ ಮಾಡಿದ್ದಾನೆ, ಅರೆಬರೆ ಕೆಲಸದವನು, ಮೇಸ್ತ್ರಿಯ ಪಕ್ಕದಲ್ಲಿ ಬಂದು ಕೂತಿದ್ದಾನೆ ಎಂದುಕೊಂಡಳು.

ಆದರೂ ಹೇಳಿದ ಹಾಗೆ ಮಾಡಿದಳು. ಸತ್ತದ್ದನ್ನು ಹೊಸದಾಗಿ ಸುತ್ತಿದಳು. ಮೀಟರಿನ ಅಂಕಿ ಅದಕ್ಕೂ ಇದಕ್ಕೂ ಸರಿಹೊಂದುವವರೆಗೆ ಮೂರು ಸಲ ಸುತ್ತಿದಳು. ಜೋಡಿಸಿ, ಗಿಟಾರಿಗೆ ಹಾಕಿ, ಕಿವಿಗೊಟ್ಟಳು.

ಗುಂಯ್ ಹೋಗಿತ್ತು. ಆದರೆ ಪೂರ್ತಿ ಹೋಗಿರಲಿಲ್ಲ. ಒಂದೆಳೆ ಉಳಿದಿತ್ತು.

ಅವಳಿಗೆ ಅದನ್ನು ಸಹಿಸಲಾಗಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬರುವ ಮೇಸ್ತ್ರಿಗೆ ಪೂರ್ತಿ ನಿಶ್ಶಬ್ದವನ್ನೇ ಎದುರಿಡಬೇಕು, ನೋಡಲಾಗದಿದ್ದರೂ ಅವರು ಕೇಳಿ ಖುಷಿಪಡಬೇಕು ಎಂಬ ಆಸೆ. ಪ್ರೀತಿಯಿಂದಲೇ ಮಾಡಿದಳು, ಅದರಲ್ಲಿ ಸಂಶಯವಿಲ್ಲ.

ಬ್ಲೇಡ್ ತೆಗೆದುಕೊಂಡು ನೀಲಿ ದಾರದ ಸುರುಳಿಯ ಮೇಲೆ ಒಂದೇ ಗೀರು ಎಳೆದಳು. ಐದು ಸಾವಿರ ಸುತ್ತು ತುಂಡುತುಂಡಾಗಿ ಉದುರಿತು.

ಎರಡನ್ನೂ ಹೊಸದಾಗಿ ಸುತ್ತಿದಳು. ಅಂಕಿಗೆ ಅಂಕಿ ಸರಿ. ಗಿಟಾರ್ ಮೀಟಿದರೆ ಹಾಡು, ಬಿಟ್ಟರೆ ಏನೂ ಇಲ್ಲ. ಗೋಡೆಯ ಗಡಿಯಾರ ಕೇಳಿಸುತ್ತಿತ್ತು.

ಮೂರನೆಯ ದಿನ ಮೇಸ್ತ್ರಿ ಬಂದರು. ಒಂದು ಕಣ್ಣಿಗೆ ಹತ್ತಿಯ ಪಟ್ಟಿ, ಇನ್ನೊಂದಕ್ಕೆ ಕಪ್ಪು ಕನ್ನಡಕ. ಕುರ್ಚಿಯಲ್ಲಿ ಕೂತು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತಂತಿ ಮೀಟಿದರು. ಅದು ನಿಲ್ಲುವವರೆಗೆ ಕಾದರು. ಇನ್ನೊಮ್ಮೆ ಮೀಟಿದರು.

ಸುಗಂಧಿ ನಗುತ್ತ ನಿಂತಿದ್ದಳು.

"ನೀಲಿಯದ್ದು ಎಲ್ಲಿ?" ಎಂದರು ಮೇಸ್ತ್ರಿ.

"ಅದು ಸರಿ ಇರ್ಲಿಲ್ಲ ಮೇಸ್ತ್ರಿ. ಯಾರೋ ಕೈ ಬಾರದವರು ಸುತ್ತಿದ್ದು. ಕತ್ತರಿಸಿ ಹೊಸತು ಮಾಡಿದೆ."

ಮೇಸ್ತ್ರಿ ಗಿಟಾರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ತಂತಿ?"

"ಕಸದ ಡಬ್ಬಿಯಲ್ಲುಂಟು."

ಅವರು ಎದ್ದು, ತಡವಿಕೊಂಡು ಹೋಗಿ, ಡಬ್ಬಿಯೊಳಗೆ ಕೈ ಹಾಕಿದರು. ತಾಮ್ರದ ತುಂಡುಗಳನ್ನು ಒಂದು ಮುಷ್ಟಿ ಎತ್ತಿಕೊಂಡರು. ಉಳಿದದ್ದನ್ನೂ ಬಿಡದೆ ಬೆರಳಿನಿಂದ ಆರಿಸಿದರು. ಅಂಗಿಯ ಕಿಸೆಗೆ ಹಾಕಿಕೊಂಡು ಹೊಳೆಯ ಕಡೆಯ ಬಾಗಿಲಲ್ಲಿ ಹೋಗಿ ಕೂತರು.

ಬೈಗುಳ ಬಂದಿದ್ದರೆ ಸುಗಂಧಿಗೆ ಸಮಾಧಾನವಾಗುತ್ತಿತ್ತು. ಬರಲಿಲ್ಲ.

ಶನಿವಾರ ಬಾಸ್ತಿ ಪೊರ್ಬು ಬಂದರು. ಎಪ್ಪತ್ತರ ಪ್ರಾಯ, ಬಿಳಿ ಅಂಗಿಯ ಕೊರಳಿನವರೆಗೆ ಗುಂಡಿ. ಗಿಟಾರ್ ಎತ್ತಿ ಸ್ವಲ್ಪ ಬಾರಿಸಿದರು.

"ಚೆನ್ನಾಗುಂಟು ಲಾದ್ರು. ಗುಂಯ್ ಇಲ್ಲವೇ ಇಲ್ಲ." ಮತ್ತೆ ಬಾರಿಸಿದರು. ಹುಬ್ಬು ಗಂಟಿಕ್ಕಿತು. "ಆದರೆ ಕಾರ್ಮಿನ್‌ಬಾಯಿ ಎಲ್ಲಿ?"

ಮೇಸ್ತ್ರಿ ಹೊಳೆಯ ಕಡೆ ತಿರುಗಿದರು.

"ಯಾರು ಕಾರ್ಮಿನ್‌ಬಾಯಿ?" ಎಂದು ಸುಗಂಧಿ ಕೇಳಿದಳು.

ಬಾಸ್ತಿ ಅವಳನ್ನೂ ಮೇಸ್ತ್ರಿಯನ್ನೂ ನೋಡಿದರು. "ಇವನ ಹೆಂಡತಿ. ನೀಲಿ ದಾರ ಅವಳದ್ದು. ಹೋಗಿ ಹನ್ನೊಂದು ವರ್ಷ ಆಯ್ತು. ಅವಳು ಸುತ್ತಿದ್ದು ಎಷ್ಟೋ ಇತ್ತು, ಎಲ್ಲ ಒಂದೊಂದಾಗಿ ಸತ್ತುಹೋಯ್ತು. ಉಳಿದದ್ದು ನನ್ನ ಗಿಟಾರಿನದ್ದು ಒಂದೇ. ಅವಳು ತೀರಿಕೊಂಡ ದಿನ ವರ್ಷವೂ ಇವನು ನಮ್ಮ ಮನೆಗೆ ಬರ್ತಾನೆ. ನಾನು ಬಾರಿಸ್ತೇನೆ. ಇವನು ಕೇಳಿ, ಚಾ ಕುಡಿದು, ಹೋಗ್ತಾನೆ."

ವರ್ಷಕ್ಕೊಂದು ದಿನ ಮೇಸ್ತ್ರಿ ಅಂಗಡಿ ಮುಚ್ಚಿ ಎಲ್ಲಿಗೋ ಹೋಗುತ್ತಿದ್ದುದು ಸುಗಂಧಿಗೆ ಗೊತ್ತಿತ್ತು. ಎಲ್ಲಿಗೆಂದು ಅವಳು ಕೇಳಿರಲಿಲ್ಲ. ರಜೆ ಸಿಕ್ಕಿತೆಂದು ಊರಿಗೆ ಹೋಗಿಬರುತ್ತಿದ್ದಳು.

"ನಾನು ಕತ್ತರಿಸಿದ್ದು" ಎಂದಳು. ದನಿ ಹೊರಡಲಿಲ್ಲ. ಮತ್ತೊಮ್ಮೆ ಹೇಳಿದಳು. "ಪೊರ್ಬುಗಳೇ, ಅದನ್ನು ನಾನು ಕತ್ತರಿಸಿದ್ದು."

ಬಾಸ್ತಿಗೆ ಸಿಟ್ಟು ಬಂತು. ಬರಬೇಕಾದದ್ದೇ.

"ಇವಳನ್ನು ಇನ್ನೂ ಇಲ್ಲಿ ಇಟ್ಟುಕೊಳ್ತೀಯಾ ಲಾದ್ರು?"

"ಬರುವ ಶನಿವಾರ ಬಾ" ಎಂದರು ಮೇಸ್ತ್ರಿ. "ಗಿಟಾರ್ ಇರ್ಲಿ."

ಬಾಸ್ತಿ ಹೋದ ಮೇಲೆ ಸುಗಂಧಿ ಮೂಲೆಯಲ್ಲಿದ್ದ ತನ್ನ ಚೀಲ ಎತ್ತಿಕೊಂಡಳು.

"ನಾನು ಹೋಗ್ತೇನೆ ಮೇಸ್ತ್ರಿ. ನಿಮ್ಮ ಎದುರು ಕೂತು ಕೆಲಸ ಮಾಡುವ ಮುಖ ನನಗಿಲ್ಲ."

"ಹೋಗು. ಗಿಟಾರ್ ಮುಗಿಸಿ ಹೋಗು."

ಅವಳು ಚೀಲ ಕೆಳಗಿಟ್ಟಳು. ನಾಲ್ಕು ದಿನ ಊಟ ತಿಂಡಿ ಸರಿಯಾಗಿ ಮಾಡದೆ ಯಂತ್ರದ ಮುಂದೆ ಕೂತಳು. ಆ ಸುರುಳಿಯ ಆಕಾರ ಅವಳ ಕಣ್ಣಿನಿಂದ ಹೋಗಿರಲಿಲ್ಲ. ನಡುವಿನಲ್ಲಿ ಎಷ್ಟು ಉಬ್ಬಿತ್ತು, ಯಾವ ಅಂಚಿನಲ್ಲಿ ತೆಳ್ಳಗಿತ್ತು, ಎಲ್ಲವೂ ನೆನಪಿತ್ತು. ಬೇಕೆಂದೇ ಕೈ ತಡೆದು ಅಲ್ಲಿ ಉಬ್ಬಿಸಿದಳು, ಬೇಕೆಂದೇ ಇಲ್ಲಿ ತೆಳುಮಾಡಿದಳು. ಐದನೆಯ ದಿನ ಅದನ್ನು ಮೇಸ್ತ್ರಿಯ ಅಂಗೈಯಲ್ಲಿಟ್ಟಳು.

ಮೇಸ್ತ್ರಿ ಹೆಬ್ಬೆರಳು ಆಡಿಸಿದರು. ಉಬ್ಬಿನ ಮೇಲೆ ಬಂದು ಅದು ನಿಂತಿತು.

"ಇದೆಂತದು?"

"ಬಾಯಮ್ಮ ಸುತ್ತಿದ ಹಾಗೇ ಸುತ್ತಿದ್ದೇನೆ. ಅಂಕಿಯೂ ಅದೇ."

"ಇಲ್ಲಿ ಅವಳು ನಕ್ಕದ್ದು" ಎಂದರು ಮೇಸ್ತ್ರಿ. "ನಾನು ಏನೋ ಹೇಳಿದೆ. ಅವಳಿಗೆ ನಗು ತಡೀಲಿಕ್ಕೆ ಆಗ್ಲಿಲ್ಲ. ಕೈ ಅಲ್ಲೇ ನಿಂತಿತು, ತಂತಿ ಅಲ್ಲೇ ಗುಡ್ಡೆಯಾಯ್ತು. ನೀನು ಎಂತದಕ್ಕೆ ನಕ್ಕದ್ದು?"

ಸುಗಂಧಿ ಸುರುಳಿಯನ್ನು ಅವರ ಅಂಗೈಯಿಂದ ವಾಪಸು ತೆಗೆದುಕೊಂಡಳು.

"ನೀವು ಹೇಳಿದ್ದೆಂತ?" ಎಂದು ಕೇಳಿದಳು.

"ಅದು ಹೇಳುವಂಥದ್ದಲ್ಲ ಮಾರಾಯ್ತಿ." ಮೇಸ್ತ್ರಿಯ ಕಿವಿ ಕೆಂಪಾಯಿತು. ಐದು ದಿನಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಕಂಡಿತು.

ಅವರು ಎದ್ದು ಕಪಾಟಿನ ಕೆಳಗಿನಿಂದ ಒಂದು ಹಳೆಯ ಯಂತ್ರ ಎಳೆದರು. ಕೈಯಲ್ಲಿ ತಿರುಗಿಸುವ ಹಿಡಿ, ಹಲ್ಲಿನ ಎರಡು ಚಕ್ರ. ಜೊತೆಗೆ ಎರಡು ತಗಡಿನ ಡಬ್ಬಿ. ಒಂದರಲ್ಲಿ ಹುಣಸೆ ಬೀಜ.

"ಆಗ ಎಣಿಕೆಯ ಮೀಟರ್ ಇರ್ಲಿಲ್ಲ. ಹಿಡಿ ಒಂದು ಸುತ್ತು ಹಾಕಿದ್ರೆ ಬೊಬಿನ್ ಹತ್ತು ಸುತ್ತು. ಬೊಬಿನ್ ನೂರು ಸುತ್ತಿದಾಗ ಒಂದು ಬೀಜ ಪಿಂಗಾಣಿ ಬಟ್ಟಲಿಗೆ. ಐವತ್ತು ಬೀಜವಾದ್ರೆ ಒಂದು ಸುರುಳಿ. ನಾನು ತಿರುಗಿಸುವುದು, ಅವಳು ತಂತಿ ಹಿಡಿಯುವುದು. ಆಮೇಲೆ ಅವಳು ತಿರುಗಿಸುವುದು, ನಾನು ಹಿಡಿಯುವುದು. ಯಾರು ಹಿಡಿದ್ರೋ ಅವರ ದಾರ."

ಅಂದರೆ ಬಿಳಿಯೊಂದು, ನೀಲಿಯೊಂದು. ಪ್ರತಿ ಜೋಡಿಯೂ ಹಾಗೆಯೇ ಆಗಿದ್ದು.

"ಹಿಡಿ ತಿರುಗಿಸು" ಎಂದರು ಮೇಸ್ತ್ರಿ.

ಮೊದಲು ಸುಗಂಧಿ ತಿರುಗಿಸಿದಳು, ಮೇಸ್ತ್ರಿ ತಂತಿ ಹಿಡಿದರು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಬೆರಳು ನಡುಗುತ್ತಿತ್ತು. ತಂತಿ ಬೊಬಿನ್ನಿನ ಮೇಲೆ ಅತ್ತಿತ್ತ ಹೋಯಿತು. ಆದರೂ ತುಂಡಾಗಲಿಲ್ಲ. ನಲವತ್ತೊಂಬತ್ತನೆಯ ಬೀಜಕ್ಕೆ ಅವರ ಕೈ ಸೋತಿತು.

"ಇನ್ನೊಂದು ಬೀಜ ಉಂಟು ಮೇಸ್ತ್ರಿ."

"ಅದು ಡಬ್ಬಿಯಲ್ಲೇ ಇರ್ಲಿ. ಈಗ ನೀನು ತಂತಿ ಹಿಡಿ."

ಜಾಗ ಬದಲಾಯಿಸಿಕೊಂಡರು. ಮೇಸ್ತ್ರಿಯ ಹಿಡಿ ತಿರುಗಿತು, ಸುಗಂಧಿಯ ಎರಡು ಬೆರಳುಗಳ ನಡುವೆ ತಾಮ್ರ ಹರಿಯಿತು. ಅವಳ ಕೈಗೆ ಯಂತ್ರದ ಅಭ್ಯಾಸ. ಪದರ ನೇರವಾಗಿ ಬಂತು. ಹತ್ತು ಬೀಜ, ಇಪ್ಪತ್ತು ಬೀಜ. ಹೊಳೆಯಲ್ಲಿ ಮರಳಿನ ದೋಣಿಯೊಂದು ಹಾದುಹೋಯಿತು.

ಮೂವತ್ತು ದಾಟಿದ ಮೇಲೆ ಮೇಸ್ತ್ರಿ ತಿರುಗಿಸುತ್ತಲೇ ಮಾತಾಡಿದರು.

"ಎರಡು ವರ್ಷದಲ್ಲಿ ನಾನು ಒಮ್ಮೆಯೂ ನಿನಗೆ ಅವಳ ಹೆಸರು ಹೇಳ್ಲಿಲ್ಲ. ಹೇಳಿದ್ರೆ ಖರ್ಚಾಗಿ ಹೋಗ್ತಾಳೆ ಅಂತ ಹೆದರಿಕೆ. ಆ ದಿನ ರಿಕ್ಷಾದವನು ಹಾರ್ನ್ ಹಾಕಿದ. ನನಗೂ ಅಷ್ಟೇ ಬೇಕಿತ್ತು, ಹೇಳದೆ ಹೋದೆ. ಬ್ಲೇಡ್ ಹಿಡಿದದ್ದು ನೀನು. ಕೊಟ್ಟದ್ದು ನಾನು."

ಸುಗಂಧಿಯ ಕಣ್ಣು ತುಂಬಿ ತಂತಿ ಕಾಣದಾಯಿತು. ಆ ಐದು ದಿನ ತಡೆದಿಟ್ಟ ಅಳು ಒಟ್ಟಿಗೆ ಬಂತು. ಬೆರಳು ನಿಂತಲ್ಲೇ ನಿಂತಿತು. ಮೇಸ್ತ್ರಿ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ತಾಮ್ರ ಒಂದೇ ಕಡೆ ಗುಡ್ಡೆಯಾಗಿ ಏರುತ್ತ ಹೋಯಿತು.

"ನಿಲ್ಲಿಸಿ ಮೇಸ್ತ್ರಿ! ಹಾಳಾಯ್ತು. ಇದನ್ನು ಕತ್ತರಿಸಿ ಬೇರೆ ಸುತ್ತುವ."

ಅವಳ ಕೈ ಬ್ಲೇಡಿನ ಕಡೆ ಹೋಗಿತ್ತು. ಮೇಸ್ತ್ರಿ ಬ್ಲೇಡಿನ ಮೇಲೆ ತಮ್ಮ ಅಂಗೈ ಇಟ್ಟರು.

"ಎಷ್ಟು ಬೀಜ ಆಯ್ತು?"

"ಮೂವತ್ತೆರಡು."

"ಇನ್ನು ಹದಿನೆಂಟು ಉಂಟು. ಮೂಗು ಒರೆಸಿಕೋ."

ಹದಿನೆಂಟೂ ಆಯಿತು.

ಎರಡನ್ನೂ ಅಯಸ್ಕಾಂತದ ಮೇಲೆ ಅಕ್ಕಪಕ್ಕ ಕೂರಿಸಿದರು. ಸುಗಂಧಿ ಮೀಟರ್ ಮುಟ್ಟಿಸಿದಳು. ಒಂದರ ಅಂಕಿ ಒಂದು ಕಡೆ, ಇನ್ನೊಂದರದ್ದು ಇನ್ನೊಂದು ಕಡೆ.

"ಎರಡೂ ಒಂದೇ ಇಲ್ಲ ಮೇಸ್ತ್ರಿ."

"ಒಂದೇ ಇದ್ದಿದ್ರೆ ಎರಡು ಯಾಕೆ ಬೇಕಿತ್ತು?"

ತುದಿಗಳನ್ನು ತಾತ್ಕಾಲಿಕವಾಗಿ ಸಿಕ್ಕಿಸಿ, ಗಿಟಾರಿನಲ್ಲಿಟ್ಟು, ಸ್ಪೀಕರಿನ ಸ್ವಿಚ್ ಹಾಕಿದರು. ಗುಂಯ್ ಬಂತು, ಹೋಯಿತು, ಒಂದೆಳೆ ಉಳಿಯಿತು. ಮೇಸ್ತ್ರಿ ಕಪ್ಪು ಕನ್ನಡಕ ತೆಗೆದಿಟ್ಟು, ಇದ್ದೊಂದು ಕಣ್ಣನ್ನೂ ಮುಚ್ಚಿ, ತಂತಿ ಮೀಟಿದರು. ದನಿ ಏರಿತು, ಒಂದು ಕಡೆ ಸ್ವಲ್ಪ ಒರಟಾಯಿತು, ಹಾಗೆಯೇ ಇಳಿಯಿತು.

ಅದು ಕಾರ್ಮಿನ್‌ಬಾಯಿಯ ದನಿಯಾಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮೇಸ್ತ್ರಿ ಮತ್ತೊಮ್ಮೆ ಮೀಟಿದರು. ಆಮೇಲೆ ಇನ್ನೊಮ್ಮೆ, ಇನ್ನೊಮ್ಮೆ, ಬಾಸ್ತಿಯ ಮನೆಯಲ್ಲಿ ಕೂತವರ ಹಾಗೆ ಆತುರವಿಲ್ಲದೆ ಕೇಳಿಸಿಕೊಂಡರು.

"ಇಲ್ಲಿ ಒಬ್ಬಳು ಅತ್ತಿದ್ದಾಳೆ" ಎಂದರು.

ಸುಗಂಧಿ ತಲೆ ತಗ್ಗಿಸಿದಳು. ಮೂಲೆಯಲ್ಲಿದ್ದ ಚೀಲವನ್ನು ನೋಡಿದಳು. ಗಿಟಾರ್ ಮುಗಿದಿತ್ತು.

ಮೇಣ ಕರಗಿಸಲಿಟ್ಟರು. ಮೇಸ್ತ್ರಿ ತಮ್ಮ ಸುರುಳಿಗೆ ಬಿಳಿ ದಾರ ಬಿಗಿದರು. ಅವಳದ್ದಕ್ಕೂ ಕಟ್ಟಲೆಂದು ಅವಳು ಅದನ್ನು ಅವರ ಕಡೆ ಸರಿಸಿದಳು. ಎರಡು ವರ್ಷದ ರೂಢಿ.

ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ಎರಡನೆಯ ಡಬ್ಬಿಯ ಮುಚ್ಚಳ ತೆರೆದು ಅವಳ ಮುಂದಿಟ್ಟರು. ಒಳಗೆ ಹೊಲಿಗೆಯ ದಾರದ ಉಂಡೆಗಳು. ಹಸಿರು, ಕೆಂಪು, ಅರಸಿನ, ನೇರಳೆ. ನಡುವೆ ಅರ್ಧ ಮುಗಿದ ಒಂದು ನೀಲಿ. ಅದರ ಪಕ್ಕದಲ್ಲಿ ಕಾಗದದಲ್ಲಿ ಸುತ್ತಿಟ್ಟ ತಾಮ್ರದ ತುಂಡುಗಳು.

ಸುಗಂಧಿಯ ಕೈ ನೀಲಿಯ ಕಡೆ ಹೋಯಿತು.

"ಬಾಯಮ್ಮನ ದಾರವೇ ಕಟ್ಟಲಾ ಮೇಸ್ತ್ರಿ? ಅವರ ಹೆಸರು ಉಳೀತದೆ."

ಮೇಸ್ತ್ರಿ ನೀಲಿ ಉಂಡೆಯನ್ನು ಮೆಲ್ಲಗೆ ತಮ್ಮ ಮುಷ್ಟಿಯೊಳಗೆ ಮುಚ್ಚಿಕೊಂಡರು.

"ಇದು ಅವಳದ್ದು" ಎಂದರು. "ನಿನ್ನ ಬಣ್ಣ ಯಾವುದು, ಮಗಳೇ?"